ಪಕ್ಕದಲ್ಲಿ ಯಾರಿದ್ದಾರೆ ನೋಡಿ: ಕಾರ್ಬಾಕ್ಸಿಲಿಕ್ ಆಮ್ಲಗಳ ಬಲಾಬಲ ತಿಳಿಯುವ ಬಗೆ

ಗೋಬಿ ಮಂಚೂರಿಗೆ ಹಾಕುವ ವಿನೆಗರಿನ ಹುಳಿಗೆ ಕಾರಣ ಅಸಿಟಿಕ್ ಆಮ್ಲ. ಆ ಅಣುವಿನ ಒಂದು ತುದಿಯಲ್ಲಿರುವ ಮೂರು ಹೈಡ್ರೋಜನ್‌ಗಳನ್ನು ತೆಗೆದು ಅಲ್ಲಿ ಮೂರು ಕ್ಲೋರಿನ್‌ಗಳನ್ನು ಕೂರಿಸಿದರೆ ಟ್ರೈಕ್ಲೋರೊಅಸಿಟಿಕ್ ಆಮ್ಲ ಸಿಗುತ್ತದೆ. ಚರ್ಮದ ವೈದ್ಯರು ನರಹುಲಿ ಸುಡಲು ಬಳಸುವುದು ಇದನ್ನೇ. ಪ್ರಯೋಗಾಲಯಗಳಲ್ಲಿ ದ್ರಾವಣದೊಳಗಿನ ಪ್ರೋಟೀನನ್ನು ಹೆಪ್ಪುಗಟ್ಟಿಸಿ ಬೇರ್ಪಡಿಸುವುದಕ್ಕೂ ಇದೇ ಬೇಕು. ಎರಡೂ ಅಣುಗಳಲ್ಲಿ ಪ್ರೋಟಾನು ಬಿಟ್ಟುಕೊಡುವ ಭಾಗ ಒಂದೇ, ಅದೇ ಕಾರ್ಬಾಕ್ಸಿಲ್ ಗುಂಪು. ಆದರೂ ಒಂದನ್ನು ಊಟದಲ್ಲಿ ಸೇರಿಸುತ್ತೇವೆ, ಇನ್ನೊಂದನ್ನು ಕೈಗವಸು ಹಾಕದೆ ಮುಟ್ಟುವುದಿಲ್ಲ. ಆಮ್ಲವಾಗಿ ಎರಡನೆಯದು ಮೊದಲನೆಯದಕ್ಕಿಂತ ಸುಮಾರು ಹದಿಮೂರು ಸಾವಿರ ಪಟ್ಟು ಬಲಶಾಲಿ. ಪ್ರೋಟಾನು ಹೊರಡುವ ಜಾಗದಲ್ಲಿ ಏನೂ ಬದಲಾಗಿಲ್ಲ, ಬದಲಾದದ್ದು ನೆರೆಹೊರೆ ಮಾತ್ರ.

ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪುಸ್ತಕದಲ್ಲಿ ಈ ವಿಷಯಕ್ಕೆ ಸಿಗುವುದು ಒಂದೂವರೆ ಪುಟ ಮತ್ತು ಹದಿನಾಲ್ಕು ಆಮ್ಲಗಳ ಒಂದು ಉದ್ದನೆಯ ಸಾಲು. ಟ್ರೈಫ್ಲೂರೊಅಸಿಟಿಕ್‌ನಿಂದ ಶುರುವಾಗಿ ಪ್ರೊಪನೋಯಿಕ್‌ವರೆಗೆ ಹೋಗುವ ಆ ಸಾಲನ್ನು ವಿದ್ಯಾರ್ಥಿಗಳು ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತಾರೆ. ಸಿಇಟಿಯಲ್ಲೋ ನೀಟ್‌ನಲ್ಲೋ ಸಾಲಿನಲ್ಲಿಲ್ಲದ ಹದಿನೈದನೆಯ ಆಮ್ಲ ಬಂದರೆ ಪೆನ್ನು ನಿಂತುಬಿಡುತ್ತದೆ. ಬಾಯಿಪಾಠ ಬೇಕಾಗಿಯೇ ಇಲ್ಲ. ನಾಲ್ಕೈದು ಅಂಕಿಗಳು ನೆನಪಿದ್ದು, ಸರಿಯಾದ ಜಾಗವನ್ನು ನೋಡುವ ಅಭ್ಯಾಸವಿದ್ದರೆ ಎದುರಿಗೆ ಬಂದ ಆಮ್ಲವನ್ನು ತಕ್ಕ ಸ್ಥಾನದಲ್ಲಿ ಕೂರಿಸಬಹುದು. ಬಿಎಸ್ಸಿ ಮೊದಲ ವರ್ಷದವರಿಗೂ ಇಷ್ಟು ಸಾಕು. ರಸಾಯನಶಾಸ್ತ್ರದ ಹಂಗಿಲ್ಲದೆ ಉಪ್ಪಿನಕಾಯಿ ಬಾಟಲಿಯ ಲೇಬಲ್ ಓದುವ ಚಟ ಇರುವವರಿಗೂ ಇಲ್ಲಿ ಸ್ವಲ್ಪ ದಕ್ಕೀತು.

ಮೊದಲು ಅಳತೆಗೋಲು. ಆಮ್ಲದ ಬಲವನ್ನು ಪಿಕೆಎ ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ. ಈ ಸಂಖ್ಯೆ ಇಳಿದಷ್ಟೂ ಆಮ್ಲ ಬಲವಾಗುತ್ತದೆ, ಒಂದು ಅಂಕ ಇಳಿಯಿತೆಂದರೆ ಬಲ ಹತ್ತು ಪಟ್ಟು ಏರಿತೆಂದು ಲೆಕ್ಕ. ಅಸಿಟಿಕ್ ಆಮ್ಲದ್ದು 4.76, ಕ್ಲೋರೊಅಸಿಟಿಕ್‌ನದು 2.86, ಟ್ರೈಕ್ಲೋರೊಅಸಿಟಿಕ್‌ನದು 0.65. ಈ ಅಂಕಿಗಳಿಂದ ಆಗುವುದೇನು ಎನ್ನುವುದಕ್ಕೆ ಒಂದು ಲೆಕ್ಕ ನೋಡಿ. ಮೂರನ್ನೂ ನೀರಿನಲ್ಲಿ 0.1 ಮೋಲಾರ್ ಸಾಂದ್ರತೆಗೆ ಕರಗಿಸಿದರೆ ಅಸಿಟಿಕ್‌ನ ನೂರು ಅಣುಗಳಲ್ಲಿ ಪ್ರೋಟಾನು ಬಿಡುವುದು ಒಂದಕ್ಕಿಂತ ತುಸು ಹೆಚ್ಚು, ಸುಮಾರು 1.3. ಕ್ಲೋರೊಅಸಿಟಿಕ್‌ನಲ್ಲಿ ಹನ್ನೊಂದು. ಟ್ರೈಕ್ಲೋರೊದಲ್ಲಿ ಎಪ್ಪತ್ತೈದು. ಇಲ್ಲಿ ಬಲ ಮತ್ತು ಸಾಂದ್ರತೆಯನ್ನು ಕಲಸಿಕೊಳ್ಳಬಾರದು. ನೀರೇ ಇಲ್ಲದ ಗ್ಲೇಶಿಯಲ್ ಅಸಿಟಿಕ್ ಆಮ್ಲ ಚರ್ಮವನ್ನು ಸುಡುತ್ತದೆ ನಿಜ, ಆದರೂ ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದು ದುರ್ಬಲ ಆಮ್ಲವೇ.

ಇನ್ನು ನೋಡಬೇಕಾದ ಜಾಗ. ಪ್ರೋಟಾನು ಎಷ್ಟು ಬಿಗಿಯಾಗಿ ಅಂಟಿಕೊಂಡಿದೆ ಎಂದು ಆಮ್ಲವನ್ನೇ ದಿಟ್ಟಿಸುತ್ತ ಕೂತರೆ ಉತ್ತರ ಹೊಳೆಯುವುದು ಕಷ್ಟ. ಪ್ರೋಟಾನು ಹೋದಮೇಲೆ ಉಳಿಯುವ ಋಣ ಅಯಾನನ್ನು ನೋಡಿ. ಅದು ನೆಮ್ಮದಿಯಾಗಿದ್ದಷ್ಟೂ ಆಮ್ಲ ಪ್ರೋಟಾನನ್ನು ಸುಲಭವಾಗಿ ಬಿಡುತ್ತದೆ. ಎಥನಾಲ್‌ನ ಪಿಕೆಎ ಸುಮಾರು 16. ಅದರಿಂದ ಪ್ರೋಟಾನು ಕಿತ್ತರೆ ಋಣಾವೇಶವೆಲ್ಲ ಒಂದೇ ಆಕ್ಸಿಜನ್ ತಲೆಯ ಮೇಲೆ ಬೀಳುತ್ತದೆ. ಅಸಿಟಿಕ್ ಆಮ್ಲದಲ್ಲಿ ಅದೇ ಹೊರೆಗೆ ಇಬ್ಬರು ಹೆಗಲು ಕೊಡುತ್ತಾರೆ, ಎರಡು ಆಕ್ಸಿಜನ್‌ಗಳೂ ಸಮಸಮ. ರೆಸೊನೆನ್ಸ್ ಎನ್ನುವುದು ಇದಕ್ಕೇ. ಹನ್ನೊಂದು ಅಂಕಗಳ ಅಂತರದ ಬಹುಪಾಲು ಬರುವುದು ಇಲ್ಲಿಂದ. ಬದಲಿ ಗುಂಪುಗಳ ಆಟವೆಲ್ಲ ಇದಾದ ಮೇಲಿನದು. ಆಗಲೇ ಹಂಚಿಹೋಗಿರುವ ಋಣಾವೇಶವನ್ನು ಪಕ್ಕದ ಗುಂಪು ಇನ್ನಷ್ಟು ತನ್ನತ್ತ ಸೆಳೆದು ಹಗುರ ಮಾಡುತ್ತದೆಯೋ, ತಾನೂ ಒಂದಿಷ್ಟು ಎಲೆಕ್ಟ್ರಾನು ತಳ್ಳಿ ಭಾರ ಹೆಚ್ಚಿಸುತ್ತದೆಯೋ ಎನ್ನುವುದಷ್ಟೇ ಪ್ರಶ್ನೆ.

ಎಲೆಕ್ಟ್ರಾನು ಸೆಳೆಯುವ ಗುಂಪುಗಳಲ್ಲಿ ಹ್ಯಾಲೊಜನ್‌ಗಳದು ನೇರ ಕಥೆ. ಅಸಿಟಿಕ್ ಆಮ್ಲದ ಒಂದು ಹೈಡ್ರೋಜನ್ ಜಾಗಕ್ಕೆ ಫ್ಲೂರಿನ್ ಬಂದರೆ 2.59, ಕ್ಲೋರಿನ್ ಬಂದರೆ 2.86, ಬ್ರೋಮಿನ್‌ಗೆ 2.90, ಅಯೋಡಿನ್‌ಗೆ 3.18. ಎಲೆಕ್ಟ್ರಾನಿನ ಮೇಲಿನ ಆಸೆ ಯಾರಿಗೆ ಹೆಚ್ಚೋ ಅವರು ಆಮ್ಲವನ್ನು ಹೆಚ್ಚು ಬಲಪಡಿಸುತ್ತಾರೆ. ಸಯನೊ ಗುಂಪು ಇನ್ನೂ ಜೋರು, 2.46. ನೈಟ್ರೊ ಅದನ್ನೂ ಮೀರಿಸುತ್ತದೆ. ಕ್ಲೋರಿನ್‌ಗಳ ಸಂಖ್ಯೆ ಹೆಚ್ಚಿದಂತೆ ಬಲವೂ ಹೆಚ್ಚುತ್ತದೆ, ಆದರೆ ಮೊದಲ ಕ್ಲೋರಿನ್ ತಂದಷ್ಟು ಬದಲಾವಣೆಯನ್ನು ಮೂರನೆಯದು ತರುವುದಿಲ್ಲ. 4.76ರಿಂದ 2.86ಕ್ಕೆ, ಅಲ್ಲಿಂದ 1.29ಕ್ಕೆ, ಕೊನೆಗೆ 0.65ಕ್ಕೆ. ಇಳಿತ 1.90, 1.57, 0.64. ಒಂದೇ ಹೊರೆಯನ್ನು ಹಗುರ ಮಾಡಲು ಮೂವರು ನಿಂತರೆ ಮೂರನೆಯವನಿಗೆ ಉಳಿಯುವ ಕೆಲಸ ಕಡಿಮೆ.

ದೂರದ ಪ್ರಭಾವವನ್ನು ಕಣ್ಣಾರೆ ನೋಡಬೇಕಾದರೆ ಬ್ಯುಟನೋಯಿಕ್ ಆಮ್ಲಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಹಳಸಿದ ಬೆಣ್ಣೆಯ ವಾಸನೆಗೆ ಕಾರಣವಾದ ಈ ಆಮ್ಲದ ಪಿಕೆಎ 4.82. ಕಾರ್ಬಾಕ್ಸಿಲ್‌ಗೆ ತಾಗಿಕೊಂಡ ಎರಡನೆಯ ಇಂಗಾಲದ ಮೇಲೆ ಕ್ಲೋರಿನ್ ಇಟ್ಟರೆ 2.86 ಆಗುತ್ತದೆ. ಮೂರನೆಯದರ ಮೇಲೆ ಇಟ್ಟರೆ 4.05, ನಾಲ್ಕನೆಯದರ ಮೇಲೆ 4.52. ಮೂಲ ಆಮ್ಲಕ್ಕಿಂತ ಇಳಿದದ್ದೆಷ್ಟು ಎಂದು ಕಳೆದು ನೋಡಿ: 1.96, 0.77, 0.30. ಒಂದೊಂದು ಇಂಗಾಲ ದಾಟಿದಾಗಲೂ ಪರಿಣಾಮ ಹಿಂದಿನದರ ಐದರಲ್ಲಿ ಎರಡು ಪಾಲಿಗೆ ಕುಗ್ಗುತ್ತ ಹೋಗಿದೆ. ಈ ಲೆಕ್ಕ ಎಲ್ಲ ಅಣುಗಳಿಗೂ ಇಷ್ಟು ಅಚ್ಚುಕಟ್ಟಾಗಿ ಕೂರುವುದಿಲ್ಲ, ಆದರೂ ಅಂದಾಜಿಗೆ ಬೇಕಾದಷ್ಟಾಯಿತು. ನಾಲ್ಕು ಇಂಗಾಲಗಳಾಚೆ ಕೂತ ಫ್ಲೂರಿನ್‌ಗಿಂತ ಪಕ್ಕದಲ್ಲೇ ಕೂತ ಅಯೋಡಿನ್ ಮೇಲು. ದೂರ ಮತ್ತು ಬಲ ಎರಡೂ ಪ್ರಶ್ನೆಯಲ್ಲಿದ್ದರೆ ಮೊದಲು ದೂರ ನೋಡಿ.

ಇದನ್ನು ಇಂಡಕ್ಟಿವ್ ಪರಿಣಾಮ ಎನ್ನುತ್ತಾರೆ. ಬಂಧದಿಂದ ಬಂಧಕ್ಕೆ ಸೆಳೆತ ದಾಟಿಸುತ್ತ ಹೋಗುವ ಬಾಣಗಳ ಚಿತ್ರ ಎಲ್ಲ ಪುಸ್ತಕಗಳಲ್ಲೂ ಇದೆ. ಆ ಚಿತ್ರದ ಮೇಲೆ ನನಗೆ ಪೂರ್ತಿ ನಂಬಿಕೆಯಿಲ್ಲ. ಕ್ಲೋರಿನ್ ಮತ್ತು ಇಂಗಾಲದ ನಡುವಿನ ಬಂಧಕ್ಕೆ ಒಂದು ತುದಿ ಧನ, ಇನ್ನೊಂದು ತುದಿ ಋಣ. ಅದರ ಪ್ರಭಾವ ಬಂಧಗಳ ದಾರಿ ಹಿಡಿಯದೆ ನೇರವಾಗಿ ಜಾಗದ ಮೂಲಕವೇ ಕಾರ್ಬಾಕ್ಸಿಲ್ ಗುಂಪಿಗೆ ತಲುಪಬಲ್ಲದು. ಅಣುವಿನ ಚೌಕಟ್ಟನ್ನು ಬಾಗಿಸಿ ಕ್ಲೋರಿನ್‌ನ ಋಣ ತುದಿ ಕಾರ್ಬಾಕ್ಸಿಲ್ ಕಡೆಗೇ ಮುಖ ಮಾಡುವಂತೆ ಕಟ್ಟಿದ ಅಣುಗಳಲ್ಲಿ ಕ್ಲೋರಿನ್ ಇದ್ದೂ ಆಮ್ಲದ ಬಲ ಇಳಿದಿರುವುದನ್ನು ಅಳೆದು ತೋರಿಸಿದ್ದಾರೆ. ಬರೀ ಬಂಧಗಳ ಮೂಲಕ ಸೆಳೆತ ಹರಿಯುವುದಾಗಿದ್ದರೆ ಹೀಗಾಗುತ್ತಿರಲಿಲ್ಲ. ಪರೀಕ್ಷೆಯಲ್ಲಿ ಬಾಣ ಬರೆಯಿರಿ, ಅಂಕ ಸಿಗುತ್ತದೆ. ಮನಸ್ಸಿನಲ್ಲಿ ಎರಡನೆಯ ದಾರಿಗೂ ಜಾಗವಿರಲಿ.

ಇಂಗಾಲದ ಬಂಧದ ಬಗೆಯೂ ಸುಮ್ಮನಿರುವುದಿಲ್ಲ. ಮೂರೇ ಇಂಗಾಲಗಳ ಮೂರು ಆಮ್ಲಗಳನ್ನು ಪಕ್ಕಪಕ್ಕ ಇಡಿ. ಒಂಟಿ ಬಂಧಗಳಷ್ಟೇ ಇರುವ ಪ್ರೊಪನೋಯಿಕ್ 4.87. ಜೋಡಿ ಬಂಧವಿರುವ ಅಕ್ರಿಲಿಕ್ ಆಮ್ಲ 4.25. ಮೂರು ಬಂಧದ ಪ್ರೊಪೈನೋಯಿಕ್ ಆಮ್ಲ 1.84ಕ್ಕೆ ಜಿಗಿಯುತ್ತದೆ. ಬಂಧಗಳು ಹೆಚ್ಚಿದಂತೆ ಇಂಗಾಲವೇ ಎಲೆಕ್ಟ್ರಾನುಗಳನ್ನು ತನ್ನ ಹತ್ತಿರಕ್ಕೆ ಎಳೆದುಕೊಳ್ಳುವುದು ಇದಕ್ಕೆ ಕಾರಣ. ಬೆಂಜೋಯಿಕ್ ಆಮ್ಲ ಅಸಿಟಿಕ್‌ಗಿಂತ ಬಲವಾಗಿರುವುದಕ್ಕೂ ಇದೇ ವಿವರಣೆ.

ಇನ್ನು ತಳ್ಳುವವರ ಕಡೆ. ಹೈಡ್ರೋಜನ್ ಜಾಗಕ್ಕೆ ಮೀಥೈಲ್ ಬಂದರೆ ಫಾರ್ಮಿಕ್ ಆಮ್ಲ ಅಸಿಟಿಕ್ ಆಗುತ್ತದೆ, ಪಿಕೆಎ 3.75ರಿಂದ 4.76ಕ್ಕೆ ಏರುತ್ತದೆ. ಈ ಒಂದು ಅಂಕದ ಬೆಲೆ ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯ ರಬ್ಬರ್ ಬೆಳೆಗಾರರ ಬಟ್ಟಲುಗಳಲ್ಲಿ ಕಾಣುತ್ತದೆ. ಮರದಿಂದ ಇಳಿಸಿದ ರಬ್ಬರ್ ಹಾಲಿನ ಕಣಗಳು ಋಣಾವೇಶ ಹೊತ್ತಿರುವುದರಿಂದ ಒಂದನ್ನೊಂದು ದೂರ ತಳ್ಳುತ್ತ ತೇಲಾಡುತ್ತವೆ. ಆಮ್ಲ ಸೇರಿ ಹಾಲಿನ ಪಿಎಚ್ ಐದಕ್ಕಿಂತ ತುಸು ಕೆಳಗಿಳಿದರೆ ಆ ಆವೇಶ ತಣಿದು ಹಾಲು ಹೆಪ್ಪಾಗುತ್ತದೆ. ಹೆಪ್ಪನ್ನು ಯಂತ್ರದಲ್ಲಿ ಒತ್ತಿದರೆ ಶೀಟು. ಈ ಕೆಲಸಕ್ಕೆ ಫಾರ್ಮಿಕ್ ಆಗುತ್ತದೆ, ಅಸಿಟಿಕ್ ಕೂಡ ಆಗುತ್ತದೆ. ಆದರೆ ಪಿಎಚ್ 4.8ರಲ್ಲಿ ಫಾರ್ಮಿಕ್‌ನ ನೂರು ಅಣುಗಳಲ್ಲಿ ಸುಮಾರು 92 ಪ್ರೋಟಾನು ಬಿಟ್ಟಿರುತ್ತವೆ, ಅಸಿಟಿಕ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ. ಜೊತೆಗೆ ಫಾರ್ಮಿಕ್ ಅಣುವಿನ ತೂಕವೂ ಕಡಿಮೆ, ಅಸಿಟಿಕ್‌ನ 60ಕ್ಕೆ ಎದುರಾಗಿ 46. ಎರಡನ್ನೂ ಸೇರಿಸಿ ಗುಣಿಸಿದರೆ, ಒಂದೇ ಕೆಲಸಕ್ಕೆ ಅಸಿಟಿಕ್ ಆಮ್ಲ ತೂಕದಲ್ಲಿ ಫಾರ್ಮಿಕ್‌ನ ಎರಡು ಪಟ್ಟಿಗಿಂತ ಹೆಚ್ಚು ಬೇಕು. ಒಂದು ಮೀಥೈಲ್ ಗುಂಪಿನ ಖರ್ಚು ಅದು. ಬಲ ಹೆಚ್ಚಿರುವುದರಿಂದಲೇ ಫಾರ್ಮಿಕ್ ಚರ್ಮಕ್ಕೂ ಕಣ್ಣಿಗೂ ಅಪಾಯ. ನೀರಿಗೆ ಆಮ್ಲ ಸೇರಿಸಿ ತೆಳುಮಾಡಿಕೊಂಡೇ ಬಳಸಬೇಕು, ಆಮ್ಲಕ್ಕೆ ನೀರು ಸುರಿಯಬಾರದು.

ಮೀಥೈಲ್ ನಂತರ ಸರಪಳಿ ಉದ್ದವಾಗುತ್ತ ಹೋದರೆ ಆಮ್ಲ ದುರ್ಬಲವಾಗುತ್ತಲೇ ಹೋಗುತ್ತದೆ ಎಂದು ಹೇಳಿಕೊಡುತ್ತಾರೆ. ಅಂಕಿಗಳನ್ನು ಕೇಳಿ: ಅಸಿಟಿಕ್ 4.76, ಪ್ರೊಪನೋಯಿಕ್ 4.87, ಬ್ಯುಟನೋಯಿಕ್ 4.82. ಮೂರನೆಯದು ಎರಡನೆಯದಕ್ಕಿಂತ ಕೂದಲೆಳೆಯಷ್ಟು ಬಲ! ಇನ್ನೂ ಸೋಜಿಗವೆಂದರೆ ನೀರನ್ನು ಪೂರ್ತಿ ದೂರವಿಟ್ಟು ಅನಿಲ ಸ್ಥಿತಿಯಲ್ಲಿ ಅಳೆದರೆ ಪ್ರೊಪನೋಯಿಕ್ ಆಮ್ಲ ಅಸಿಟಿಕ್‌ಗಿಂತ ಬಲವಾಗಿ ಕಾಣುತ್ತದೆ, ಬ್ಯುಟನೋಯಿಕ್ ಇನ್ನೂ ಬಲವಾಗಿ. ದೊಡ್ಡ ಆಲ್ಕೈಲ್ ಗುಂಪಿನ ಎಲೆಕ್ಟ್ರಾನು ಮೋಡ ಪಕ್ಕದ ಋಣಾವೇಶಕ್ಕೆ ತಕ್ಕಂತೆ ಸರಿದು ಜಾಗ ಕೊಡುತ್ತದೆ, ಅದರಿಂದ ಅಯಾನಿಗೆ ಅನುಕೂಲವೇ ಆಗುತ್ತದೆ. ನೀರಿನಲ್ಲಿ ಇದು ತಿರುಗುಮುರುಗಾಗುವುದು ನೀರಿನ ಅಣುಗಳಿಂದ. ಋಣ ಅಯಾನನ್ನು ಸುತ್ತುವರಿದು ಸಂತೈಸುವವು ಅವು. ಪಕ್ಕದಲ್ಲಿ ದಪ್ಪ ಆಲ್ಕೈಲ್ ಗುಂಪು ಕೂತರೆ ಅವಕ್ಕೆ ಹತ್ತಿರ ಬರಲು ಜಾಗ ಸಾಲದು. ಹಾಗಾಗಿ 0.1ರ ಆಸುಪಾಸಿನ ವ್ಯತ್ಯಾಸಗಳಿಗೆ ಎಲೆಕ್ಟ್ರಾನು ತಳ್ಳುವ ಕಥೆ ಕಟ್ಟುವುದು ನನಗೆ ಒಗ್ಗುವುದಿಲ್ಲ. ಫಾರ್ಮಿಕ್‌ನಿಂದ ಅಸಿಟಿಕ್‌ಗೆ ಆಗುವ ಒಂದಂಕದ ಬದಲಾವಣೆ ಮಾತ್ರ ಗಟ್ಟಿ. ನೀರಿರಲಿ ಇಲ್ಲದಿರಲಿ, ಈ ಜೋಡಿಯಲ್ಲಿ ಫಾರ್ಮಿಕ್ಕೇ ಮೇಲು.

ಬೆಂಜೀನ್ ಉಂಗುರಕ್ಕೆ ಬಂದರೆ ವಿಷಯ ಕಳೆಗಟ್ಟುತ್ತದೆ. ಬೆಂಜೋಯಿಕ್ ಆಮ್ಲದ ಪಿಕೆಎ 4.20. ಕಾರ್ಬಾಕ್ಸಿಲ್‌ಗೆ ಎದುರು ತುದಿಯಲ್ಲಿ, ಎಂದರೆ ಪ್ಯಾರಾ ಜಾಗದಲ್ಲಿ ನೈಟ್ರೊ ಬಂದರೆ 3.44. ಅಲ್ಲೇ ಮೆಥಾಕ್ಸಿ ಬಂದರೆ 4.47. ಒಂದು ಸೆಳೆಯಿತು, ಇನ್ನೊಂದು ತಳ್ಳಿತು. ಈಗ ಅದೇ ಮೆಥಾಕ್ಸಿಯನ್ನು ಒಂದು ಮೆಟ್ಟಿಲು ಸರಿಸಿ ಮೆಟಾ ಜಾಗದಲ್ಲಿಡಿ. ಪಿಕೆಎ 4.09, ಬೆಂಜೋಯಿಕ್‌ಗಿಂತ ಬಲ! ಗುಂಪು ಬದಲಾಗಲಿಲ್ಲ, ಕೂತ ಜಾಗ ಬದಲಾಯಿತು, ಅಷ್ಟರಿಂದಲೇ ತಳ್ಳುವವನು ಸೆಳೆಯುವವನಾದ. ಮೆಥಾಕ್ಸಿಯ ಆಕ್ಸಿಜನ್‌ಗೆ ಎರಡು ಸ್ವಭಾವ. ಎಲೆಕ್ಟ್ರಾನಿನ ಆಸೆಯಿಂದ ಬಂಧದ ಮೂಲಕ ಸೆಳೆಯುತ್ತದೆ, ತನ್ನಲ್ಲಿರುವ ಒಂಟಿ ಜೋಡಿಯನ್ನು ರೆಸೊನೆನ್ಸ್ ಮೂಲಕ ಉಂಗುರಕ್ಕೆ ಕೊಡುತ್ತದೆ. ಕೊಟ್ಟದ್ದು ತಲುಪುವುದು ಪಕ್ಕದ ಆರ್ಥೊ ಮತ್ತು ಎದುರಿನ ಪ್ಯಾರಾ ಜಾಗಗಳಿಗೆ ಮಾತ್ರ. ಕಾರ್ಬಾಕ್ಸಿಲ್ ಪ್ಯಾರಾದಲ್ಲಿದ್ದರೆ ಕೊಡುಗೈಯ ಪಾಲು ಸಿಗುತ್ತದೆ, ಮೆಟಾದಲ್ಲಿದ್ದರೆ ಸೆಳೆತದ ಪಾಲು ಮಾತ್ರ. ಹೈಡ್ರಾಕ್ಸಿಲ್ ಗುಂಪೂ ಹೀಗೇ: ಪ್ಯಾರಾದಲ್ಲಿ 4.58, ಮೆಟಾದಲ್ಲಿ 4.08.

ಹ್ಯಾಲೊಜನ್‌ಗಳಲ್ಲೂ ಇಲ್ಲೊಂದು ಬಲೆ ಇದೆ. ಅಸಿಟಿಕ್ ಸಂಸಾರದಲ್ಲಿ ಎಲ್ಲರಿಗಿಂತ ಮುಂದಿದ್ದ ಫ್ಲೂರಿನ್ ಪ್ಯಾರಾ ಜಾಗದಲ್ಲಿ ಹಿಂದೆ ಬೀಳುತ್ತದೆ. ಪ್ಯಾರಾ-ಫ್ಲೂರೊಬೆಂಜೋಯಿಕ್ 4.14, ಪ್ಯಾರಾ-ಕ್ಲೋರೊ 3.98. ಇಂಗಾಲ ಮತ್ತು ಫ್ಲೂರಿನ್‌ಗಳ ಆರ್ಬಿಟಲ್‌ಗಳ ಗಾತ್ರ ಹೊಂದುವುದರಿಂದ ಫ್ಲೂರಿನ್ ತನ್ನ ಒಂಟಿ ಜೋಡಿಯನ್ನು ಉಂಗುರಕ್ಕೆ ಸರಾಗವಾಗಿ ಕೊಡುತ್ತದೆ, ಹೀಗಾಗಿ ಸೆಳೆದದ್ದರಲ್ಲಿ ಬಹುಪಾಲು ವಾಪಸ್ಸಾಗುತ್ತದೆ. ಕ್ಲೋರಿನ್‌ಗೆ ಆ ಹೊಂದಾಣಿಕೆ ಅಷ್ಟಾಗಿ ಬರುವುದಿಲ್ಲ.

ಇನ್ನೊಂದು ತಪ್ಪು ಉತ್ತರ ಪತ್ರಿಕೆಗಳಲ್ಲಿ ಪದೇ ಪದೇ ಕಾಣುತ್ತದೆ. ಪ್ಯಾರಾ-ನೈಟ್ರೊಬೆಂಜೋಯೇಟ್ ಅಯಾನಿನ ಋಣಾವೇಶವನ್ನು ಉಂಗುರದ ಮೂಲಕ ನೈಟ್ರೊ ಗುಂಪಿನವರೆಗೂ ಹರಿಸಿ ಚಿತ್ರ ಬರೆದುಬಿಡುತ್ತಾರೆ. ಫೀನಾಲ್‌ನಲ್ಲಿ ಅದು ಸರಿ. ಅಲ್ಲಿ ಆಕ್ಸಿಜನ್ ನೇರವಾಗಿ ಉಂಗುರಕ್ಕೆ ಅಂಟಿರುವುದರಿಂದ ಋಣಾವೇಶ ಉಂಗುರದೊಳಕ್ಕೆ ಹೋಗಿ ನೈಟ್ರೊ ತಲುಪುತ್ತದೆ. ಪಿಕೆಎ 10ರಿಂದ 7.15ಕ್ಕೆ ಇಳಿಯುವುದು ಅದಕ್ಕೇ. ಬೆಂಜೋಯೇಟ್‌ನಲ್ಲಿ ಋಣಾವೇಶ ಎರಡು ಆಕ್ಸಿಜನ್‌ಗಳ ನಡುವೆಯೇ ಸಿಕ್ಕಿಕೊಂಡಿದೆ, ಉಂಗುರಕ್ಕೆ ಇಳಿಯುವ ದಾರಿಯಿಲ್ಲ. ನೈಟ್ರೊ ಮಾಡುವುದಿಷ್ಟೇ: ಉಂಗುರವನ್ನು, ಅದರಲ್ಲೂ ಕಾರ್ಬಾಕ್ಸಿಲ್ ಅಂಟಿದ ಇಂಗಾಲವನ್ನು ಧನದ ಕಡೆಗೆ ವಾಲಿಸಿ ಪಕ್ಕದ ಋಣಾವೇಶಕ್ಕೆ ಆಸರೆಯಾಗುವುದು. ಪರಿಣಾಮ ಅದಕ್ಕೆ ತಕ್ಕಂತೆ ಚಿಕ್ಕದು. ಫೀನಾಲ್‌ನಲ್ಲಿ ಸುಮಾರು 2.8 ಅಂಕ, ಇಲ್ಲಿ 0.8ಕ್ಕಿಂತ ತುಸು ಕಡಿಮೆ. ಚಿತ್ರ ಬರೆಯುವ ಮುನ್ನ ಈ ಎರಡು ಸಂಖ್ಯೆಗಳನ್ನು ನೆನೆದರೆ ಕೈ ತಾನಾಗಿ ತಡೆಯುತ್ತದೆ.

ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ಲೂಯಿ ಹ್ಯಾಮೆಟ್ 1937ರಲ್ಲಿ ಈ ಪರಿಣಾಮಗಳಿಗೆಲ್ಲ ಒಂದೊಂದು ಸಂಖ್ಯೆ ಕಟ್ಟಿದರು. ಸಿಗ್ಮಾ ಎಂದು ಅದರ ಹೆಸರು. ಅವರು ಹಿಡಿದ ಮಾನದಂಡ ಬೆಂಜೋಯಿಕ್ ಆಮ್ಲವೇ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀರಿನಲ್ಲಿ. ಪ್ಯಾರಾ-ನೈಟ್ರೊಗೆ 0.78, ಮೆಟಾ-ನೈಟ್ರೊಗೆ 0.71, ಪ್ಯಾರಾ-ಕ್ಲೋರೊಗೆ 0.23, ಮೆಟಾ-ಕ್ಲೋರೊಗೆ 0.37, ಪ್ಯಾರಾ-ಮೀಥೈಲ್‌ಗೆ ಮೈನಸ್ 0.17, ಪ್ಯಾರಾ-ಮೆಥಾಕ್ಸಿಗೆ ಮೈನಸ್ 0.27, ಮೆಟಾ-ಮೆಥಾಕ್ಸಿಗೆ 0.12. 4.20ರಿಂದ ಸಿಗ್ಮಾ ಕಳೆದರೆ ಪಿಕೆಎ ಬಂತು. ಪ್ಯಾರಾ-ಮೆಥಾಕ್ಸಿಗೆ ಮಾಡಿ ನೋಡಿ, 4.20ಕ್ಕೆ 0.27 ಸೇರಿ 4.47. ನಿಜವಾದ ಗಮ್ಮತ್ತು ಇರುವುದು ಎರಡು ಗುಂಪುಗಳಿದ್ದಾಗ. 3,5-ಡೈನೈಟ್ರೊಬೆಂಜೋಯಿಕ್ ಆಮ್ಲದಲ್ಲಿ ಎರಡು ಮೆಟಾ-ನೈಟ್ರೊಗಳಿವೆ. 0.71ರ ಎರಡರಷ್ಟನ್ನು, ಅಂದರೆ 1.42 ಕಳೆದರೆ 2.78. ಪ್ರಯೋಗದಲ್ಲಿ ಅಳೆದದ್ದು 2.82. ಪೆನ್ನು ಕಾಗದದ ಕೂಡುಕಳೆಯಲ್ಲಿ ಇಷ್ಟು ಹತ್ತಿರ ಬರುವ ನಿಯಮಗಳು ಸಾವಯವ ರಸಾಯನದಲ್ಲಿ ಹೆಚ್ಚಿಲ್ಲ. ಪಿಯುಸಿಯಲ್ಲಿ ಸಿಗ್ಮಾ ಕೇಳುವುದಿಲ್ಲ ಎಂದು ಬಿಡಬೇಡಿ. ಮೇಲಿನ ಏಳು ಅಂಕಿಗಳನ್ನು ಪುಸ್ತಕದ ಮೂಲೆಯಲ್ಲಿ ಬರೆದಿಟ್ಟುಕೊಂಡರೆ ಬೆಂಜೋಯಿಕ್ ಸಂಸಾರದ ಪ್ರಶ್ನೆಗಳು ಒಂದನೆಯ ತರಗತಿಯ ಲೆಕ್ಕವಾಗುತ್ತವೆ.

ಹ್ಯಾಮೆಟ್ ಆರ್ಥೊ ಜಾಗವನ್ನು ತಮ್ಮ ಲೆಕ್ಕದಿಂದ ಹೊರಗಿಟ್ಟರು, ಅದಕ್ಕೆ ಕಾರಣವಿತ್ತು. ಅಲ್ಲಿ ಗುಂಪು ಕಾರ್ಬಾಕ್ಸಿಲ್‌ಗೆ ಮೈ ತಾಗಿಸಿಯೇ ಕೂರುತ್ತದೆ. ಎಲೆಕ್ಟ್ರಾನು ತಳ್ಳುವ ಮೀಥೈಲ್ ಕೂಡ ಅಲ್ಲಿ ಆಮ್ಲವನ್ನು ಬಲಪಡಿಸುತ್ತದೆ. ಪ್ಯಾರಾದಲ್ಲಿ 4.37 ಇದ್ದದ್ದು ಆರ್ಥೊದಲ್ಲಿ 3.91. ಜಾಗ ಸಾಲದೆ ಕಾರ್ಬಾಕ್ಸಿಲ್ ಗುಂಪು ಉಂಗುರದ ಸಮತಲದಿಂದ ಹೊರಳುತ್ತದೆ, ಉಂಗುರದಿಂದ ಅದಕ್ಕೆ ಸಿಗುತ್ತಿದ್ದ ಎಲೆಕ್ಟ್ರಾನು ತಪ್ಪುತ್ತದೆ. ಆರ್ಥೊ-ಕ್ಲೋರೊ 2.94, ಆರ್ಥೊ-ನೈಟ್ರೊ 2.17. ಆರ್ಥೊದಲ್ಲಿ ಗುಂಪು ಕಂಡರೆ, ಅದು ಯಾವುದೇ ಇರಲಿ, ಬೆಂಜೋಯಿಕ್‌ಗಿಂತ ಬಲ ಎಂದು ಬರೆದರೆ ಸಾಮಾನ್ಯವಾಗಿ ತಪ್ಪುವುದಿಲ್ಲ. ಅಮೀನೊ ಗುಂಪು ಮಾತ್ರ ಈ ಮಾತಿಗೆ ಹೊರಗು. ಅದು ಪ್ರೋಟಾನನ್ನು ತಾನೇ ಹಿಡಿದುಕೊಳ್ಳಬಲ್ಲದು, ಅದರ ಲೆಕ್ಕವೇ ಬೇರೆ.

ಆರ್ಥೊ ಮನೆಯಲ್ಲಿ ಎಲ್ಲರಿಗಿಂತ ಹೆಸರುವಾಸಿ ಸ್ಯಾಲಿಸಿಲಿಕ್ ಆಮ್ಲ. ಹೈಡ್ರಾಕ್ಸಿಲ್ ಪ್ಯಾರಾದಲ್ಲಿದ್ದಾಗ 4.58 ಇದ್ದ ಪಿಕೆಎ ಆರ್ಥೊಗೆ ಬಂದರೆ 2.97 ಆಗುತ್ತದೆ, ಬಲದಲ್ಲಿ ನಲವತ್ತು ಪಟ್ಟು ವ್ಯತ್ಯಾಸ. ಪ್ರೋಟಾನು ಬಿಟ್ಟ ಕಾರ್ಬಾಕ್ಸಿಲೇಟಿನ ಆಕ್ಸಿಜನ್‌ಗೆ ಪಕ್ಕದ ಹೈಡ್ರಾಕ್ಸಿಲ್‌ನ ಹೈಡ್ರೋಜನ್ ಕೈಚಾಚಿ ಹಿಡಿದುಕೊಳ್ಳುವುದೇ ಕಾರಣ. ಈ ಹೈಡ್ರೋಜನ್ ಬಂಧ ಆರು ಪರಮಾಣುಗಳ ಉಂಗುರದಂತೆ ಬಿಗಿಯಾಗಿ ಕೂರುತ್ತದೆ. ಕಾರ್ಬಾಕ್ಸಿಲ್‌ನ ಎರಡೂ ಮಗ್ಗುಲಲ್ಲಿ ಹೈಡ್ರಾಕ್ಸಿಲ್ ಇಟ್ಟ 2,6-ಡೈಹೈಡ್ರಾಕ್ಸಿಬೆಂಜೋಯಿಕ್ ಆಮ್ಲದಲ್ಲಂತೂ ಪಿಕೆಎ 1.3ರ ಆಸುಪಾಸಿಗೆ ಇಳಿಯುತ್ತದೆ. ಈ ವಿವರಣೆಯನ್ನು ಪರೀಕ್ಷಿಸಬೇಕೇ? ಹೈಡ್ರಾಕ್ಸಿಲ್‌ನ ಹೈಡ್ರೋಜನ್ ಕಿತ್ತುಹಾಕಿ. ಬೇಯರ್ ಕಂಪನಿಯ ಫೆಲಿಕ್ಸ್ ಹಾಫ್‌ಮನ್ 1897ರಲ್ಲಿ ಸ್ಯಾಲಿಸಿಲಿಕ್ ಆಮ್ಲಕ್ಕೆ ಅಸಿಟೈಲ್ ಗುಂಪು ಜೋಡಿಸಿ ಆಸ್ಪಿರಿನ್ ಮಾಡಿದಾಗ ಆದದ್ದು ಅದೇ. ಚಾಚುವ ಕೈ ಇಲ್ಲವಾಯಿತು, ಪಿಕೆಎ 3.5ಕ್ಕೆ ಏರಿತು. ಹೊಟ್ಟೆಗೆ ಆಸ್ಪಿರಿನ್ ತಂದೊಡ್ಡುವ ತೊಂದರೆಗೆ ಮಾತ್ರ ಈ ಅಂಕಿಯನ್ನು ದೂರಬೇಡಿ. ಜಠರದ ಒಳಪದರ ಕಾಯುವ ಪ್ರೋಸ್ಟಾಗ್ಲಾಂಡಿನ್‌ಗಳ ತಯಾರಿಕೆಯನ್ನು ಆಸ್ಪಿರಿನ್ ತಡೆಯುವುದು ಅಲ್ಲಿನ ಮುಖ್ಯ ಸಂಗತಿ.

ಎರಡು ಕಾರ್ಬಾಕ್ಸಿಲ್‌ಗಳಿರುವ ಆಮ್ಲಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಕಾರ್ಬಾಕ್ಸಿಲ್ ಇನ್ನೊಂದಕ್ಕೆ ಸೆಳೆಯುವ ಗುಂಪು. ತಾಗಿಕೊಂಡಿದ್ದರೆ, ಅಂದರೆ ಆಕ್ಸಾಲಿಕ್‌ನಲ್ಲಿ, ಮೊದಲ ಪಿಕೆಎ 1.25. ನಡುವೆ ಒಂದು ಇಂಗಾಲವಿರುವ ಮ್ಯಾಲೋನಿಕ್‌ನಲ್ಲಿ 2.83, ಎರಡಿರುವ ಸಕ್ಸಿನಿಕ್‌ನಲ್ಲಿ 4.21. ಮತ್ತೆ ಅದೇ ದೂರದ ಲೆಕ್ಕ. ಎರಡನೆಯ ಪ್ರೋಟಾನು ಬಿಡುವಾಗ ಆಗಲೇ ಒಂದು ಋಣಾವೇಶ ಮನೆಯಲ್ಲಿರುವುದರಿಂದ ಪಿಕೆಎ ಮೇಲೇರುತ್ತದೆ.

ಪ್ರಶ್ನೆ ಎದುರಿಗೆ ಬಂದಾಗ ಹೇಗೆ ನಡೆಯಬೇಕು? ಆರು ಆಮ್ಲಗಳನ್ನು ಜೋಡಿಸಲು ಕೊಟ್ಟಿದ್ದಾರೆ ಎನ್ನಿ: ಅಸಿಟಿಕ್, ಫಾರ್ಮಿಕ್, ಬೆಂಜೋಯಿಕ್, ಕ್ಲೋರೊಅಸಿಟಿಕ್, ಪ್ಯಾರಾ-ನೈಟ್ರೊಬೆಂಜೋಯಿಕ್, ಪ್ಯಾರಾ-ಮೆಥಾಕ್ಸಿಬೆಂಜೋಯಿಕ್. ಮೊದಲು ಸಂಸಾರಗಳನ್ನು ಬೇರೆ ಮಾಡಿ. ಬೆಂಜೋಯಿಕ್ ಸಂಸಾರದೊಳಗೆ ನೈಟ್ರೊ ಮೇಲೆ, ಮೆಥಾಕ್ಸಿ ಕೆಳಗೆ ಎನ್ನುವುದು ತರ್ಕದಿಂದಲೇ ಬರುತ್ತದೆ. ಅಸಿಟಿಕ್ ಸಂಸಾರದಲ್ಲೂ ಅಷ್ಟೇ. ಆದರೆ ಪ್ಯಾರಾ-ನೈಟ್ರೊಬೆಂಜೋಯಿಕ್ ಮತ್ತು ಫಾರ್ಮಿಕ್ ಇವೆರಡರಲ್ಲಿ ಯಾರು ಬಲ ಎಂದು ತರ್ಕದಿಂದ ಹೇಳುವವರು ಯಾರೂ ಇಲ್ಲ. ಎರಡು ಸಂಸಾರಗಳನ್ನು ಬೆಸೆಯಲು ಅಂಕಿ ಬೇಕೇ ಬೇಕು. ಹಾಗಾಗಿ ಕ್ಲೋರೊಅಸಿಟಿಕ್ 2.86, ಫಾರ್ಮಿಕ್ 3.75, ಬೆಂಜೋಯಿಕ್ 4.20, ಅಸಿಟಿಕ್ 4.76 ಈ ನಾಲ್ಕು ಗೂಟಗಳು ತಲೆಯಲ್ಲಿರಲಿ. ನೈಟ್ರೊ 0.8ರಷ್ಟು ಇಳಿಸುತ್ತದೆ, ಮೆಥಾಕ್ಸಿ 0.3ರಷ್ಟು ಏರಿಸುತ್ತದೆ ಎಂದರೆ ಬಲದ ಇಳಿಕೆಯ ಸಾಲು ತಾನಾಗಿ ಬರುತ್ತದೆ: ಕ್ಲೋರೊಅಸಿಟಿಕ್, ಪ್ಯಾರಾ-ನೈಟ್ರೊ, ಫಾರ್ಮಿಕ್, ಬೆಂಜೋಯಿಕ್, ಪ್ಯಾರಾ-ಮೆಥಾಕ್ಸಿ, ಅಸಿಟಿಕ್.

ಐದನೆಯ ಗೂಟವೊಂದಿದ್ದರೆ ಪ್ರಯೋಗಾಲಯದಲ್ಲೂ ಅನುಕೂಲ. ನೀರಿನಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡ್ ಕೊಡುವ ಕಾರ್ಬಾನಿಕ್ ಆಮ್ಲದ್ದು 6.35. ಇದಕ್ಕಿಂತ ಬಲವಾದ ಆಮ್ಲ ಅಡುಗೆ ಸೋಡಾದ ದ್ರಾವಣಕ್ಕೆ ಬಿದ್ದರೆ ಬುರುಬುರು ನೊರೆ ಏಳುತ್ತದೆ. ಇಲ್ಲಿ ಹೇಳಿದ ಕಾರ್ಬಾಕ್ಸಿಲಿಕ್ ಆಮ್ಲಗಳೆಲ್ಲ ನೊರೆ ಬರಿಸುತ್ತವೆ, ಫೀನಾಲ್ ಬರಿಸುವುದಿಲ್ಲ. ಆದರೆ ಮೂರು ನೈಟ್ರೊ ಹೊತ್ತ ಫೀನಾಲ್, ಅಂದರೆ ಪಿಕ್ರಿಕ್ ಆಮ್ಲ, ನೊರೆ ಬರಿಸುತ್ತದೆ. ಅದರ ಪಿಕೆಎ ಒಂದಕ್ಕಿಂತ ಕಡಿಮೆ. ಸೋಡಾ ಪರೀಕ್ಷೆಯಲ್ಲಿ ನೊರೆ ಬಂದ ಕೂಡಲೇ ಕಾರ್ಬಾಕ್ಸಿಲ್ ಇದೆ ಎಂದು ಬರೆದುಬಿಡುವವರಿಗೆ ಇದೊಂದು ಎಚ್ಚರಿಕೆ.

ಕೊನೆಗೆ ಲೇಬಲ್ಲು. ಸ್ಕ್ವಾಷ್, ಉಪ್ಪಿನಕಾಯಿ, ಸಾಸ್ ಬಾಟಲಿಗಳ ಮೇಲೆ 211 ಎಂಬ ಸಂಖ್ಯೆ ಕಾಣುತ್ತದಲ್ಲ, ಅದು ಸೋಡಿಯಂ ಬೆಂಜೋಯೇಟ್. 202 ಎಂದರೆ ಪೊಟ್ಯಾಸಿಯಂ ಸಾರ್ಬೇಟ್. ಬೂಷ್ಟು, ಯೀಸ್ಟ್‌ಗಳ ಕೋಶದೊಳಕ್ಕೆ ನುಸುಳಬಲ್ಲದ್ದು ಪ್ರೋಟಾನು ಬಿಡದ ಇಡೀ ಆಮ್ಲದ ಅಣು, ಆವೇಶ ಹೊತ್ತ ಅಯಾನಲ್ಲ. ಆದ್ದರಿಂದ ಕೆಡದಂತೆ ಕಾಯುವ ಕೆಲಸದಲ್ಲಿ ಬಲವಾದ ಆಮ್ಲಕ್ಕಿಂತ ದುರ್ಬಲವೇ ಲೇಸು. ನಿಂಬೆ ಸ್ಕ್ವಾಷಿನ ಪಿಎಚ್ ಮೂರರ ಆಸುಪಾಸಿನದು. ಅಲ್ಲಿ ಬೆಂಜೋಯಿಕ್‌ನ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಅಣುಗಳು ಇಡಿಯಾಗಿಯೇ ಇರುತ್ತವೆ. ಪಿಎಚ್ ಐದಕ್ಕೆ ಏರಿದರೆ ಉಳಿಯುವುದು 14. ಪಿಕೆಎ 4.76 ಇರುವ ಸಾರ್ಬಿಕ್‌ನಲ್ಲಾದರೆ ಅಷ್ಟೇ ಪಿಎಚ್‌ನಲ್ಲಿ 36 ಉಳಿಯುತ್ತವೆ. ಬ್ರೆಡ್ಡಿನ ಪಿಎಚ್ ಇನ್ನೂ ಮೇಲೆ, ಐದೂವರೆಯ ಹತ್ತಿರ. ಅಲ್ಲಿ ಬೆಂಜೋಯಿಕ್‌ನಲ್ಲಿ ಉಳಿಯುವುದು ಐದೇ, ಪಿಕೆಎ 4.87 ಇರುವ ಪ್ರೊಪನೋಯಿಕ್‌ನಲ್ಲಿ 19. ಬ್ರೆಡ್ ಪ್ಯಾಕೆಟ್ಟಿನ ಮೇಲೆ 282, ಅಂದರೆ ಕ್ಯಾಲ್ಸಿಯಂ ಪ್ರೊಪಿಯೊನೇಟ್ ಕಾಣುವುದಕ್ಕೆ ಇದು ಒಂದು ಕಾರಣ. ಇನ್ನೊಂದು ಕಾರಣಕ್ಕೂ ಪಿಕೆಎಗೂ ಸಂಬಂಧವಿಲ್ಲ: ಪ್ರೊಪಿಯೊನೇಟ್ ಬೂಷ್ಟನ್ನು ತಡೆಯುತ್ತದೆ, ಹಿಟ್ಟನ್ನು ಉಬ್ಬಿಸುವ ಯೀಸ್ಟಿನ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ.